ಜಾಸ್ತಿ ಮಾತಾಡದವರು ವೇದಿಕೆ ಮೇಲೆ ಚೆನ್ನಾಗಿ ಮಾತಾಡಬಲ್ಲರಾ?

ಡೈರಿ ಲೆಕ್ಕದವಳು:
ಎಲ್ಲರಿಗೂ ನಮಸ್ಕಾರ. ಮಂಡ್ಯ ಕಡೆಯ ಒಂದು ಹಳ್ಳಿಯ ಹಾಲು ಉತ್ಪಾದಕರ ಸಹಕಾರ ಸಂಘದಲ್ಲಿ ಕಾರ್ಯದರ್ಶಿಯಾಗಿದ್ದೇನೆ. ಸದ್ಯದಲ್ಲೇ ವಾರ್ಷಿಕ ಮಹಾಸಭೆ ಇದೆ. ನಮ್ಮಲ್ಲಿ ವರದಿ ಮಂಡಿಸುವುದು ಕಾರ್ಯದರ್ಶಿಯ ಕೆಲಸ. ಆದರೆ ಈ ಸಲ ಆಡಳಿತ ಮಂಡಳಿಯಲ್ಲಿ ಇಬ್ಬರು ತಕರಾರು ತೆಗೆದಿದ್ದಾರೆ. "ಮೇಡಂ ತುಂಬಾ ಸೈಲೆಂಟು. ಜನರ ಮುಂದೆ ಅವರಿಂದ ಆಗಲ್ಲ. ಮಾತು ಬಲ್ಲ ನಿರ್ದೇಶಕರು ಯಾರಾದರೂ ಓದಲಿ" ಅನ್ನುತ್ತಾರೆ.

ನಾನು ಜಾಸ್ತಿ ಮಾತಾಡಲ್ಲ, ಅದು ನಿಜ. ಬೆಳಗ್ಗೆ ಹಾಲು ಹಾಕಲು ಬಂದವರ ಜೊತೆ ಊರ ಸುದ್ದಿ ಹೇಳುತ್ತಾ ನಿಲ್ಲುವುದು ನನಗೆ ಒಗ್ಗಲ್ಲ. ಮದುವೆ ಮನೆಗೆ ಹೋಗಿ ಬಂದರೆ ಒಂದಿಷ್ಟು ಹೊತ್ತು ಒಬ್ಬಳೇ ಕೂರಬೇಕು ಅನಿಸುತ್ತೆ. ಆದರೆ ಯಾವ ತಿಂಗಳು ಹಾಲು ಇಳಿಯಿತು, ಯಾಕೆ ಇಳಿಯಿತು, ಫ್ಯಾಟ್ ಕಡಿಮೆ ಬಂದರೆ ದರ ಹೇಗೆ ಕಡಿತವಾಗುತ್ತೆ, ಬೋನಸ್ ಯಾವ ಲೆಕ್ಕದಲ್ಲಿ ಹಂಚುತ್ತೇವೆ, ಇದೆಲ್ಲ ನಾಲಿಗೆ ತುದಿಯಲ್ಲಿದೆ. ಮೈಕ್ ಮುಂದೆ ಎದೆ ಹೊಡೆದುಕೊಳ್ಳುತ್ತೆ, ಆದರೆ ಓಡಿಹೋಗುವಷ್ಟು ಭಯ ಇಲ್ಲ.

ಮಾತು ಕಡಿಮೆ ಇರುವವರು ಭಾಷಣಕ್ಕೆ ನಾಲಾಯಕ್ಕಾ? ಪಟ್ಟು ಹಿಡಿದು ನಾನೇ ಮಂಡಿಸಲಾ, ಬಿಟ್ಟುಕೊಡಲಾ?

ಕೆರೆ ಏರಿ:
ಬಿಟ್ಟುಕೊಡಬೇಡಿ ಅಕ್ಕ. ಒಂದು ಸಲ ಬಿಟ್ಟರೆ ಮುಂದಿನ ವರ್ಷವೂ ಅವರೇ ಓದುತ್ತಾರೆ.

ಮನಶ್ಶಾಸ್ತ್ರ ವಿದ್ಯಾರ್ಥಿ:
ನೀವು ಹೇಳಿದ್ದರಲ್ಲೇ ಅರ್ಧ ಉತ್ತರ ಇದೆ. ನಮ್ಮಲ್ಲಿ ಎರಡು ಬೇರೆ ಬೇರೆ ಸಂಗತಿಗಳನ್ನು ಒಂದೇ ಗಂಟಿನಲ್ಲಿ ಕಟ್ಟುತ್ತಾರೆ. ಒಂದು, ಅಂತರ್ಮುಖಿ ಸ್ವಭಾವ. ಜನಜಂಗುಳಿಯಲ್ಲಿ ದಣಿಯುವುದು, ಒಬ್ಬರೇ ಇದ್ದಾಗ ಚೇತರಿಸಿಕೊಳ್ಳುವುದು. ಇನ್ನೊಂದು, ನಾಚಿಕೆ ಅಥವಾ ಸಭಾಕಂಪ. ಜನ ನನ್ನ ಬಗ್ಗೆ ಏನಂದುಕೊಳ್ಳುತ್ತಾರೋ ಅನ್ನುವ ಅಂಜಿಕೆ. ಅಂತರ್ಮುಖಿ, ಬಹಿರ್ಮುಖಿ ಅನ್ನುವ ವಿಂಗಡಣೆಗೆ ಹೆಸರು ತಂದುಕೊಟ್ಟದ್ದು ಕಾರ್ಲ್ ಯೂಂಗ್, 1921ರ ತಮ್ಮ ಪುಸ್ತಕದಲ್ಲಿ. ಅವರು ಹೇಳಿದ್ದು ಮನಸ್ಸಿನ ಒಲವು ಯಾವ ಕಡೆಗೆ ಅಂತ. ವೇದಿಕೆ ಮೇಲೆ ಬಾಯಿ ಬರುತ್ತೋ ಇಲ್ಲವೋ ಅಂತಲ್ಲ.

ಪೂರ್ತಿ ಸತ್ಯ ಹೇಳಬೇಕು ಅಂದರೆ, ಒಟ್ಟಾರೆ ನೋಡಿದಾಗ ಭಾಷಣದ ಭಯ ಅಂತರ್ಮುಖಿಗಳಲ್ಲಿ ಸ್ವಲ್ಪ ಜಾಸ್ತಿ ಕಾಣುತ್ತೆ. ಆದರೆ ಭಯ ಇಲ್ಲದ ಅಂತರ್ಮುಖಿಗಳೂ ಇದ್ದಾರೆ, ಭಯದಿಂದ ನಡುಗುವ ವಾಚಾಳಿಗಳೂ ಇದ್ದಾರೆ. ನಿಮಗೆ ಮೊದಲನೆಯದು ಮಾತ್ರ ಇರುವ ಹಾಗೆ ಕಾಣುತ್ತೆ.

ಹುಬ್ಬಳ್ಳಿ ಸೇಲ್ಸ್‌ಮನ್:
ನಾನು ಒಪ್ಪಲ್ರೀ. ಮಾತು ಬರೋದು ಮಾತಾಡಿದರೆ ಮಾತ್ರ. ನಾನು ದಿನಾ ಅಂಗಡಿ ಅಂಗಡಿ ಸುತ್ತಿ ಹೊಸಬರ ಹತ್ತಿರ ಮಾತಾಡ್ತೀನಿ. ಎದುರಿಗಿದ್ದವರ ಮುಖ ನೋಡಿ ಮಾತು ತಿರುಗಿಸೋದು ಕಲಿತದ್ದು ಹಾಗೇ. ಮನೆಯಲ್ಲಿ ಸುಮ್ನೆ ಕೂತವರಿಗೆ ಇದು ಹೇಗೆ ಬರಬೇಕು? ಅಂತರ್ಮುಖಿ ಅಂದರೆ ದೊಡ್ಡ ಗುಣ ಅಂತ ಈಗ ಎಲ್ಲ ಕಡೆ ಹೊಗಳೋದು ಜಾಸ್ತಿ ಆಗಿದೆ. ಮೇಡಂ ಅವರಿಗೆ ಧೈರ್ಯ ಕೊಡೋಣ, ಬೇಡ ಅನ್ನಲ್ಲ. ಆದರೆ ಇದ್ದದ್ದು ಇದ್ದ ಹಾಗೆ ಹೇಳೋಣ.

ತಾಳಮದ್ದಳೆ ಪ್ರಿಯ:
ಸೇಲ್ಸ್‌ಮನ್ ಅವರೇ, ನಮ್ಮ ಕರಾವಳಿಗೆ ಬನ್ನಿ ಮಾರಾಯ್ರೆ, ಒಂದು ತಾಳಮದ್ದಳೆ ಕೂಟ ಕೇಳಿ. ವೇಷ ಇಲ್ಲ, ಕುಣಿತ ಇಲ್ಲ. ಭಾಗವತರು ಪದ್ಯ ಹೇಳುತ್ತಾರೆ, ಅರ್ಥಧಾರಿ ಕೂತಲ್ಲೇ ಆ ಪಾತ್ರವಾಗಿ ಮಾತು ಕಟ್ಟುತ್ತಾರೆ. ಬರೆದ ಸಂಭಾಷಣೆ ಅಂತ ಇರುವುದಿಲ್ಲ. ಎದುರು ಅರ್ಥಧಾರಿ ಏನು ಕೇಳುತ್ತಾರೆ ಅಂತ ಮೊದಲೇ ಗೊತ್ತಿರುವುದಿಲ್ಲ. ಕೃಷ್ಣ ಸಂಧಾನದಲ್ಲಿ ಕೌರವ ಒಂದು ಪ್ರಶ್ನೆ ಎಸೆದರೆ ಕೃಷ್ಣ ಅಲ್ಲೇ ಉತ್ತರ ಕೊಡಬೇಕು.

ನಮ್ಮೂರಿನ ಕಡೆ ಒಬ್ಬರು ಹಿರಿಯ ಅರ್ಥಧಾರಿ ಇದ್ದರು. ಶಾಲೆ ಮೇಷ್ಟ್ರು. ದಾರಿಯಲ್ಲಿ ಸಿಕ್ಕರೆ ಒಂದು ನಗು, "ಹೌದಾ, ಆಯ್ತು", ಅಷ್ಟೇ. ಮನೆಗೆ ಹೋದರೆ ಪುಸ್ತಕದ ಮುಂದೆ ಕೂತಿರುತ್ತಿದ್ದರು. ಅವರೇ ವಾಲಿವಧೆಯಲ್ಲಿ ವಾಲಿಯಾಗಿ ಕೂತರೆ, ಮರೆಯಲ್ಲಿ ನಿಂತು ಬಾಣ ಬಿಟ್ಟದ್ದು ಯಾವ ಧರ್ಮ ಅಂತ ರಾಮನನ್ನು ಕೇಳುವ ರೀತಿಗೆ ಸಭೆ ಉಸಿರು ಹಿಡಿದು ಕೂರುತ್ತಿತ್ತು. ದಿನವಿಡೀ ಹರಟೆ ಹೊಡೆದು ಬಂದ ಮಾತಲ್ಲ ಅದು. ಓದಿ, ಮನಸ್ಸಿನಲ್ಲೇ ವಾದ ಮಾಡಿ ಮಾಡಿ ಬಂದ ಮಾತು.

ಹುಬ್ಬಳ್ಳಿ ಸೇಲ್ಸ್‌ಮನ್:
ಅದು ಕಲೆ. ಅಲ್ಲಿ ಪಾತ್ರದ ಬಲ ಇರುತ್ತೆ. ವಾಲಿ ಮಾತಾಡ್ತಾನೆ, ಮೇಷ್ಟ್ರು ಅಲ್ಲ. ಸಂಘದ ಸಭೆಯಲ್ಲಿ ಮೇಡಂ ಮೇಡಂ ಆಗೇ ನಿಲ್ಲಬೇಕಲ್ಲ?

ತಾಳಮದ್ದಳೆ ಪ್ರಿಯ:
ಕಾರ್ಯದರ್ಶಿ ಅನ್ನುವುದೂ ಒಂದು ಪಾತ್ರವೇ ಅಲ್ವಾ? ಹರಟೆಯಲ್ಲಿ ಏನು ಮಾತಾಡಬೇಕು, ಯಾವಾಗ ನಡುವೆ ಬಾಯಿ ಹಾಕಬೇಕು, ಯಾವಾಗ ನಿಲ್ಲಿಸಬೇಕು, ಯಾವುದೂ ಗೊತ್ತಿರುವುದಿಲ್ಲ. ಮಾತು ಕಡಿಮೆ ಇರುವವರಿಗೆ ಕಷ್ಟ ಆಗುವುದು ಅದೇ. ವೇದಿಕೆಯಲ್ಲಿ ಆ ತೊಡಕಿಲ್ಲ. ನಿಮ್ಮ ಸರದಿ ನಿಮ್ಮದು, ವಿಷಯ ನಿಮ್ಮದು, ಯಾರೂ ನಡುವೆ ಕಸಿದುಕೊಳ್ಳಲ್ಲ. ಹರಟೆಯಲ್ಲಿ ಗೆಲ್ಲುವುದು ಬೇಗ ಬಾಯಿ ಹಾಕಿದವರು. ವೇದಿಕೆಯಲ್ಲಿ ಗೆಲ್ಲುವುದು ಮೊದಲೇ ಯೋಚಿಸಿ ಬಂದವರು. ಎರಡೂ ಬೇರೆ ಕೆಲಸ.

ಸೌಮ್ಯ ಎಸ್.:
ಈ ಕೊನೆಯ ಮಾತು ನೂರಕ್ಕೆ ನೂರು ನಿಜ. ಹತ್ತು ಜನರ ಊಟದ ಮೇಜಿನಲ್ಲಿ ನನಗೆ ಒಂದು ವಾಕ್ಯ ಮುಗಿಸಲು ಆಗಲ್ಲ. ಇನ್ನೂರು ಜನರ ಮುಂದೆ ತರಬೇತಿ ಕೊಡುತ್ತೇನೆ, ಏನೂ ಅನಿಸಲ್ಲ.

ಸಂಜೆ ಕ್ರಿಕೆಟ್:
ದ್ರಾವಿಡ್ ಹೆಸರು ಇನ್ನೂ ಯಾರೂ ಎತ್ತಿಲ್ಲ ಅಂದರೆ ಆಶ್ಚರ್ಯ. ನಮ್ಮ ಬೆಂಗಳೂರು ಹುಡುಗ, ಮಿತಭಾಷಿ ಅಂತಲೇ ಹೆಸರು. 2011ರ ಡಿಸೆಂಬರ್‌ನಲ್ಲಿ ಕ್ಯಾನ್‌ಬೆರಾದಲ್ಲಿ ಬ್ರಾಡ್ಮನ್ ಉಪನ್ಯಾಸ (ಆಸ್ಟ್ರೇಲಿಯಾದ ಬ್ಯಾಟಿಂಗ್ ದಿಗ್ಗಜ ಡಾನ್ ಬ್ರಾಡ್ಮನ್ ಹೆಸರಿನಲ್ಲಿ ನಡೆಯುವ ಭಾಷಣ) ಕೊಟ್ಟರು. ಆಸ್ಟ್ರೇಲಿಯಾದವರಲ್ಲದ ಕ್ರಿಕೆಟಿಗರೊಬ್ಬರು ಅದನ್ನು ಕೊಟ್ಟದ್ದು ಅದೇ ಮೊದಲು. ಜಾಗ ಆಸ್ಟ್ರೇಲಿಯಾದ ಯುದ್ಧ ಸ್ಮಾರಕ. ನಿಂತ ಜಾಗದಿಂದಲೇ ಮಾತು ಎತ್ತಿಕೊಂಡರು ನೋಡಿ. ಭಾರತ ಮತ್ತು ಆಸ್ಟ್ರೇಲಿಯಾ ಕ್ರಿಕೆಟ್‌ನಲ್ಲಿ ಎದುರಾಳಿಗಳಾಗುವ ಮೊದಲೇ ಎರಡೂ ಕಡೆಯ ಸೈನಿಕರು ಒಂದೇ ಕಡೆ ನಿಂತು ಹೋರಾಡಿದ್ದರು ಅಂತ ನೆನಪಿಸಿದರು. ಮೊದಲ ಮಹಾಯುದ್ಧದಲ್ಲಿ ಗಲಿಪೊಲಿಯಲ್ಲಿ ಸತ್ತ ಭಾರತೀಯರ ಮಾತು ತೆಗೆದರು. ಆಮೇಲೆ ಟೆಸ್ಟ್ ಪಂದ್ಯಕ್ಕೆ ಜನ ಬರುತ್ತಿಲ್ಲ ಅನ್ನುವ ಕಹಿ ಸತ್ಯವನ್ನೂ ಹೇಳಿದರು. ಅಬ್ಬರ ಇಲ್ಲ, ಕೈ ಬೀಸುವುದಿಲ್ಲ. ಇವತ್ತಿಗೂ ಜನ ಅದನ್ನು ಹುಡುಕಿ ಕೇಳುತ್ತಾರೆ.

ಬ್ಯಾಟಿಂಗ್‌ಗೆ ಇಳಿಯುವ ಮೊದಲು ಪಿಚ್ ಓದುವ ಮನುಷ್ಯ ಭಾಷಣಕ್ಕೆ ಮೊದಲು ಸಭೆಯನ್ನು ಓದಿದ್ದಾರೆ, ಅಷ್ಟೇ.

ಬೆಂಕಿಪೊಟ್ಟಣ:
ಆ ಪ್ರವಾಸದಲ್ಲಿ ನಾವು 4-0 ಸೋತೆವು, ಅದನ್ನೂ ಹೇಳಿ.

ಸಂಜೆ ಕ್ರಿಕೆಟ್:
ಸೋತದ್ದಕ್ಕೂ ಭಾಷಣಕ್ಕೂ ಏನು ಸಂಬಂಧ? ಸರಣಿ ಶುರುವಾಗುವ ಮೊದಲೇ ಆದ ಭಾಷಣ ಅದು.

ಹಳೇ ಕಡತ:
ಗಾಂಧೀಜಿಯವರದ್ದೂ ಇದೇ ಕಥೆ. ಲಂಡನ್ನಿನಲ್ಲಿ ಓದುವಾಗ ಸಸ್ಯಾಹಾರಿಗಳ ಸಂಘದ ಕಾರ್ಯಕಾರಿ ಸಮಿತಿಯಲ್ಲಿದ್ದರು. ಒಂದು ಸಭೆಗೆ ತಮ್ಮ ಅಭಿಪ್ರಾಯ ಬರೆದುಕೊಂಡು ಹೋದರು. ಓದಲು ಬಾಯಿ ಬರಲಿಲ್ಲ, ಇನ್ನೊಬ್ಬರು ಓದಬೇಕಾಯಿತು. ಮುಂಬೈಗೆ ಬಂದು ಮೊದಲ ಕೇಸಿನಲ್ಲಿ ಸಾಕ್ಷಿಯನ್ನು ಪ್ರಶ್ನಿಸಲು ಎದ್ದು ನಿಂತರು, ತಲೆ ತಿರುಗಿದಂತಾಗಿ ಕೂತುಬಿಟ್ಟರು. 30 ರೂಪಾಯಿ ಫೀಸು ವಾಪಸ್. ಅದೇ ಮನುಷ್ಯ 1893ರಲ್ಲಿ ಪ್ರಿಟೋರಿಯಾದಲ್ಲಿ ಭಾರತೀಯ ವ್ಯಾಪಾರಿಗಳ ಮುಂದೆ ನಿಂತು, ವ್ಯಾಪಾರದಲ್ಲಿ ಸತ್ಯ ಹೇಗೆ ಉಳಿಸಿಕೊಳ್ಳಬೇಕು ಅಂತ ಮಾತಾಡಿದರು. ತಮ್ಮ ಜೀವನದ ಮೊದಲ ಸಾರ್ವಜನಿಕ ಭಾಷಣ ಅದು ಅಂತ ಅವರೇ ಬರೆದಿದ್ದಾರೆ. ವಿಷಯವನ್ನು ಚೆನ್ನಾಗಿ ತಯಾರಿ ಮಾಡಿಕೊಂಡೇ ಹೋಗಿದ್ದರಂತೆ.

ಮಾತಾಡಲು ಇದ್ದ ಹಿಂಜರಿಕೆಯೇ ತಮಗೆ ಮಾತಿನಲ್ಲಿ ಮಿತ ಕಲಿಸಿತು ಅಂತಲೂ ಆತ್ಮಕಥೆಯಲ್ಲಿ ಹೇಳಿಕೊಂಡಿದ್ದಾರೆ. ನನಗೆ ಇಲ್ಲಿ ಮುಖ್ಯ ಅನಿಸುವುದು ಇದು: ಲಂಡನ್ನಿಗೂ ಪ್ರಿಟೋರಿಯಾಕ್ಕೂ ನಡುವೆ ಅವರೇನು ಹರಟೆ ಮಲ್ಲರಾಗಲಿಲ್ಲ. ಎದುರಿಗೆ ಕೂತವರಿಗೆ ಹೇಳಲೇಬೇಕಾದ ಒಂದು ವಿಷಯ ಸಿಕ್ಕಿತು.

ಹುಬ್ಬಳ್ಳಿ ಸೇಲ್ಸ್‌ಮನ್:
ಗಾಂಧಿ, ದ್ರಾವಿಡ್ ಹೆಸರು ಹೇಳಿದರೆ ವಾದ ಗೆದ್ದ ಹಾಗಲ್ಲ. ಸುಮ್ಮನಿದ್ದು ಸುಮ್ಮನೇ ಉಳಿದವರ ಲೆಕ್ಕ ಯಾರು ಇಟ್ಟಿದ್ದಾರೆ?

ಹಳೇ ಕಡತ:
ನ್ಯಾಯವಾದ ಪ್ರಶ್ನೆ. ಅಂಥವರೂ ಇದ್ದಾರೆ. ಅಮೆರಿಕದ ಮೂರನೇ ಅಧ್ಯಕ್ಷ ಥಾಮಸ್ ಜೆಫರ್ಸನ್ ಬರವಣಿಗೆಯಲ್ಲಿ ಗಟ್ಟಿಗ, ಮಾತಿನಲ್ಲಿ ಅಲ್ಲ. ಪದಗ್ರಹಣದ ಭಾಷಣವನ್ನು ಎಷ್ಟು ಮೆಲ್ಲಗೆ ಓದಿದರು ಅಂದರೆ ಅಲ್ಲಿದ್ದ ಬಹಳ ಜನಕ್ಕೆ ಕೇಳಿಸಲಿಲ್ಲ. ಸಂಸತ್ತಿಗೆ ಕೊಡಬೇಕಾದ ವಾರ್ಷಿಕ ಸಂದೇಶವನ್ನು 1801ರಲ್ಲಿ ಬರೆದು ಕಳಿಸಿಬಿಟ್ಟರು. ಆ ಪದ್ಧತಿ 1913ರಲ್ಲಿ ವುಡ್ರೋ ವಿಲ್ಸನ್ ಬದಲಾಯಿಸುವ ತನಕ ನಡೆಯಿತು. ಹಾಗಾಗಿ ಸುಮ್ಮನಿರುವವರೆಲ್ಲ ಒಳ್ಳೆಯ ಭಾಷಣಕಾರರು ಅಂತ ನಾನು ಹೇಳಲ್ಲ. ಸುಮ್ಮನಿರುತ್ತಾರೆ ಅನ್ನುವ ಒಂದೇ ಕಾರಣಕ್ಕೆ ಮೈಕ್ ಕಸಿದುಕೊಳ್ಳಬೇಡಿ ಅನ್ನುತ್ತೇನೆ.

ಹೈಸ್ಕೂಲ್ ಟೀಚರ್:
ನಾನು ಹಾಸನ ಜಿಲ್ಲೆಯಲ್ಲಿ ಕನ್ನಡ ಕಲಿಸುತ್ತೇನೆ. ಪ್ರತಿಭಾ ಕಾರಂಜಿ ಬಂತು ಅಂದರೆ ಭಾಷಣಕ್ಕೆ ಯಾರು ಅಂತ ಕೇಳುತ್ತಾರೆ. ತರಗತಿಯಲ್ಲಿ ಚಟಪಟ ಮಾತಾಡುವ ಮಗುವಿನ ಕಡೆ ಎಲ್ಲರೂ ಬೆರಳು ತೋರಿಸುತ್ತಾರೆ. ಹಿಂದಿನ ಬೆಂಚಿನಲ್ಲಿ ಸುಮ್ಮನೆ ಕೂತು ಗ್ರಂಥಾಲಯದ ಪುಸ್ತಕ ಮುಗಿಸುವ ಮಗುವನ್ನು ಯಾರೂ ಕೇಳುವುದೇ ಇಲ್ಲ. ಇದು ನನಗೆ ತುಂಬಾ ಬೇಸರ ತರುವ ವಿಷಯ.

ಆಶುಭಾಷಣದಲ್ಲಿ ಚೀಟಿ ಎತ್ತಿದ ಮೇಲೆ ಯೋಚಿಸಲು ಸ್ವಲ್ಪ ಸಮಯ ಸಿಗುತ್ತೆ. ಚಟಪಟ ಮಾತಾಡುವ ಮಕ್ಕಳು ಆ ಸಮಯವನ್ನು ಬಳಸುವುದೇ ಇಲ್ಲ, ನೇರ ಶುರು ಮಾಡುತ್ತಾರೆ, ಅರ್ಧಕ್ಕೆ ಬಂದು ಹೇಳಿದ್ದನ್ನೇ ಹೇಳುತ್ತಾರೆ. ಸುಮ್ಮನಿರುವ ಮಗು ಬೆರಳಿನಲ್ಲಿ ಮೂರು ವಿಷಯ ಎಣಿಸಿಕೊಂಡು ನಿಲ್ಲುತ್ತೆ. ದನಿ ಸಣ್ಣದು, ಆದರೆ ಮಾತಿಗೆ ತಲೆ, ನಡು, ಕೊನೆ ಇರುತ್ತೆ. ದನಿ ನಾವು ಕಲಿಸಬಹುದು. ಯೋಚನೆಯ ಅಭ್ಯಾಸ ಕಲಿಸುವುದು ಅಷ್ಟು ಸುಲಭ ಅಲ್ಲ.

ಬೆಂಕಿಪೊಟ್ಟಣ:
ಟೀಚರ್, ಮಕ್ಕಳಿಗೆ ಭಾಷಣ ಬರೆದುಕೊಟ್ಟು ಉರು ಹೊಡೆಸುವುದನ್ನು ಮೊದಲು ನಿಲ್ಲಿಸಬೇಕು. "ವೇದಿಕೆಯ ಮೇಲೆ ಆಸೀನರಾಗಿರುವ" ಅಂತ ಶುರುವಾಗುತ್ತೆ, ಒಂದು ಪದ ಮರೆತರೆ ಮಗು ಅಳುತ್ತೆ.

ಹೈಸ್ಕೂಲ್ ಟೀಚರ್:
ಪೂರ್ತಿ ಒಪ್ಪುತ್ತೇನೆ. ಪದ ಪದ ಉರು ಹೊಡೆದರೆ ಒಂದು ಕೊಂಡಿ ಕಳಚಿದಾಗ ಎಲ್ಲ ಹೋಗುತ್ತೆ. ವಿಷಯದ ಸಾಲು ನೆನಪಿದ್ದರೆ ಸಾಕು.

ಮನೆಗೆ ಹೋಗೋಣ:
ಭಾಷಣದ ಮಾತು ಬಂತು ಅಂತ ಹೇಳುತ್ತೇನೆ. ನಮ್ಮ ಕಾರ್ಯಕ್ರಮಗಳಲ್ಲಿ ಸ್ವಾಗತ, ಪ್ರಾಸ್ತಾವಿಕ, ಹಾರ, ಶಾಲು, ನೆನಪಿನ ಕಾಣಿಕೆ ಇವೆಲ್ಲ ಮುಗಿಯುವಷ್ಟರಲ್ಲಿ ಮುಖ್ಯ ಭಾಷಣಕಾರರಿಗೆ ಸಮಯವೇ ಉಳಿದಿರುವುದಿಲ್ಲ. ನಿರೂಪಕರು ಪ್ರತಿಯೊಬ್ಬರ ನಡುವೆ ಒಂದು ವಚನ, ಒಂದು ಕಗ್ಗ. ವಚನ ಚೆನ್ನಾಗಿದೆ, ಆದರೆ ಎಲ್ಲಿ ಬೇಕಾದರೂ ಸಿಕ್ಕಿಸುವುದಲ್ಲ.

ಕೆರೆ ಏರಿ:
ಇದಕ್ಕೆ ಬೇರೆ ಚರ್ಚೆಯೇ ಬೇಕು. ನಾನು ಬರುತ್ತೇನೆ.

ಮನಶ್ಶಾಸ್ತ್ರ ವಿದ್ಯಾರ್ಥಿ:
ವಿಷಯಕ್ಕೆ ವಾಪಸ್. ಎದೆ ಹೊಡೆದುಕೊಳ್ಳುವುದರ ಬಗ್ಗೆ ಎರಡು ಅಧ್ಯಯನ ಹೇಳುತ್ತೇನೆ, ಮೇಡಂಗೆ ನೇರವಾಗಿ ಉಪಯೋಗಕ್ಕೆ ಬರುತ್ತೆ.

2003ರಲ್ಲಿ ಕೆನೆತ್ ಸವಿಟ್ಸ್ಕಿ ಮತ್ತು ಥಾಮಸ್ ಗಿಲೋವಿಚ್ ಭಾಷಣ ಮಾಡುವವರ ಮೇಲೆ ಪ್ರಯೋಗ ಮಾಡಿದರು. ನಮ್ಮ ನಡುಕ ಎಲ್ಲರಿಗೂ ಕಾಣುತ್ತಿದೆ ಅಂತ ನಮಗೆ ಅನಿಸುತ್ತೆ. ನಿಜಕ್ಕೂ ಅಷ್ಟು ಕಾಣಲ್ಲ. ಈ ಸಂಗತಿಯನ್ನು ಕೆಲವರಿಗೆ ಮೊದಲೇ ಹೇಳಿದರು. ಅಂಥವರ ಭಾಷಣ ಚೆನ್ನಾಗಿ ಬಂತು. ಅವರಿಗೂ ಹಾಗೇ ಅನಿಸಿತು, ಕೇಳಿದವರಿಗೂ ಅನಿಸಿತು. ಬರೀ ತಿಳಿದುಕೊಂಡದ್ದಕ್ಕೇ ಇಷ್ಟು ವ್ಯತ್ಯಾಸ!

ಇನ್ನೊಂದು 2014ರದ್ದು, ಹಾರ್ವರ್ಡ್‌ನ ಆಲಿಸನ್ ವುಡ್ ಬ್ರೂಕ್ಸ್ ಅವರದ್ದು. ಭಾಷಣಕ್ಕೆ ಮೊದಲು "ನಾನು ಶಾಂತವಾಗಿದ್ದೇನೆ" ಅಂದುಕೊಂಡವರಿಗಿಂತ "ನನಗೆ ಹುಮ್ಮಸ್ಸು ಬಂದಿದೆ" ಅಂದುಕೊಂಡವರು ಚೆನ್ನಾಗಿ ಮಾತಾಡಿದರು. ಕಾರಣ ಸರಳ. ಭಯದಲ್ಲೂ ಹುಮ್ಮಸ್ಸಿನಲ್ಲೂ ಎದೆ ಹೊಡೆದುಕೊಳ್ಳುತ್ತೆ. ಹೊಡೆದುಕೊಳ್ಳುವ ಎದೆಯನ್ನು ಬಲವಂತವಾಗಿ ಶಾಂತ ಮಾಡುವುದಕ್ಕಿಂತ ಅದಕ್ಕೆ ಬೇರೆ ಹೆಸರು ಕೊಡುವುದು ಸುಲಭ.

ಡೈರಿ ಲೆಕ್ಕದವಳು:
ಎಲ್ಲರಿಗೂ ಧನ್ಯವಾದ. ಎಲ್ಲ ಓದಿದೆ. ಮಂಡಳಿಗೆ "ವರದಿ ನಾನೇ ಮಂಡಿಸುತ್ತೇನೆ" ಅಂತ ಹೇಳಿದ್ದೇನೆ. ಅಧ್ಯಕ್ಷರು ಒಪ್ಪಿದರು. ಈಗ ನನ್ನ ಚಿಂತೆ ವರದಿ ಅಲ್ಲ, ಆಮೇಲಿನ ಪ್ರಶ್ನೆಗಳು. ನಮ್ಮಲ್ಲಿ ಸದಸ್ಯರು ಎದ್ದು ನಿಂತು ಜೋರಾಗಿ ಕೇಳುತ್ತಾರೆ. "ಪಕ್ಕದೂರಲ್ಲಿ ಜಾಸ್ತಿ ಬೋನಸ್ ಕೊಟ್ಟವ್ರೆ, ನಮಗೆ ಯಾಕಿಲ್ಲ?" "ಪ್ರೋತ್ಸಾಹಧನ ಯಾವ ತಿಂಗಳದ್ದು ಬಂದಿದೆ?" ಒಬ್ಬರು ಕೇಳುವಾಗ ಮೂವರು ಸೇರಿಕೊಳ್ಳುತ್ತಾರೆ. ಅಲ್ಲಿ ನನಗೆ ತಕ್ಷಣ ಮಾತು ಹೊರಡಲ್ಲ.

ಹುಬ್ಬಳ್ಳಿ ಸೇಲ್ಸ್‌ಮನ್:
ನಾನು ಮೊದಲಿನಿಂದ ಹೇಳಿದ್ದು ಇದನ್ನೇ ನೋಡ್ರೀ. ತಯಾರಿ ಮಾಡಿದ ಭಾಷಣ ಒಂದು, ಎದುರುತ್ತರ ಇನ್ನೊಂದು. ಎರಡನೆಯದಕ್ಕೆ ಜನರ ಜೊತೆ ಬೆರೆತ ಅನುಭವ ಬೇಕೇ ಬೇಕು. ಒಂದು ಕೆಲಸ ಮಾಡಿ ಮೇಡಂ. ಸಭೆಗೆ ಮೊದಲು ಜೋರು ದನಿಯ ನಾಲ್ಕೈದು ಸದಸ್ಯರ ಮನೆಗೆ ಹೋಗಿ, "ಈ ಸಲ ನಿಮ್ಮ ಪ್ರಶ್ನೆ ಏನಿರುತ್ತೆ?" ಅಂತ ಕೇಳಿ. ಅರ್ಧ ಬಿಸಿ ಅಲ್ಲೇ ಇಳಿಯುತ್ತೆ. ಅಂಗಡಿಯವರ ಹತ್ತಿರ ನಾನು ಮಾಡೋದೂ ಹಾಗೇ.

ನಿವೃತ್ತ ಆಡಿಟರ್:
ಸೇಲ್ಸ್‌ಮನ್ ಹೇಳಿದ್ದು ಚಿನ್ನದಂಥ ಮಾತು. ಸಹಕಾರ ಸಂಘಗಳ ಲೆಕ್ಕ ನೋಡುತ್ತಲೇ ನನ್ನ ಸರ್ವಿಸ್ ಮುಗಿಯಿತು, ಮಹಾಸಭೆಗಳನ್ನು ಬೇಕಾದಷ್ಟು ನೋಡಿದ್ದೇನೆ. ಗಲಾಟೆ ಆಗುವುದು ಮಾತು ಬಾರದ ಕಾರ್ಯದರ್ಶಿಯಿಂದಲ್ಲ. ಅಂಕಿ ಮುಚ್ಚಿಡುತ್ತಿದ್ದಾರೆ ಅನ್ನುವ ಗುಮಾನಿಯಿಂದ. ಮಾತಿನ ಮಲ್ಲರು ಪ್ರಶ್ನೆ ಬಂದ ಕೂಡಲೇ ಸುತ್ತಿ ಬಳಸಿ ಏನೋ ಹೇಳುತ್ತಾರೆ, ಆಗ ಗುಮಾನಿ ಇನ್ನೂ ಜಾಸ್ತಿಯಾಗುತ್ತೆ.

ನಿಮಗೆ ನಾಲ್ಕು ಮಾತು. ಪ್ರಶ್ನೆ ಬಂದಾಗ ಅದನ್ನು ನಿಮ್ಮ ಮಾತಿನಲ್ಲಿ ಒಮ್ಮೆ ಮೈಕ್‌ನಲ್ಲಿ ಹೇಳಿ: "ಬೋನಸ್ ಪಕ್ಕದ ಸಂಘಕ್ಕಿಂತ ಯಾಕೆ ಕಡಿಮೆ ಅಂತ ಕೇಳಿದ್ದಾರೆ." ಹಿಂದೆ ಕೂತವರಿಗೂ ಕೇಳಿಸುತ್ತೆ, ನಿಮಗೆ ಯೋಚಿಸಲು ಸಮಯವೂ ಸಿಗುತ್ತೆ. ಆಮೇಲೆ ಅಂಕಿ ಹೇಳಿ. ಲೆಕ್ಕಪರಿಶೋಧನಾ ವರದಿಯ ಪುಟಕ್ಕೆ ಚೀಟಿ ಅಂಟಿಸಿ ಇಟ್ಟುಕೊಂಡಿರಿ, ಕೇಳಿದ ಕೂಡಲೇ ತೆಗೆದು ಓದಿ. ಗೊತ್ತಿಲ್ಲದ್ದಕ್ಕೆ "ನೋಡಿ ಹೇಳುತ್ತೇನೆ, ನಾಳೆ ನೋಟಿಸ್ ಬೋರ್ಡಿಗೆ ಹಾಕುತ್ತೇನೆ" ಅನ್ನಿ, ಹೇಳಿದಂತೆ ಹಾಕಿ. ಮೂವರು ಒಟ್ಟಿಗೆ ಎದ್ದರೆ ಅವರನ್ನು ಕೂರಿಸುವುದು ಅಧ್ಯಕ್ಷರ ಕೆಲಸ, ನಿಮ್ಮದಲ್ಲ. ಈ ಮಾತನ್ನು ಅಧ್ಯಕ್ಷರಿಗೆ ಮೊದಲೇ ಹೇಳಿಡಿ.

ಟೈಮರ್:
ಬೆಂಗಳೂರಿನಲ್ಲಿ ಟೋಸ್ಟ್‌ಮಾಸ್ಟರ್ಸ್ ಅನ್ನುವ, ಭಾಷಣ ಅಭ್ಯಾಸ ಮಾಡುವವರ ಕ್ಲಬ್‌ಗೆ ಹೋಗುತ್ತೇನೆ. 1924ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ರಾಲ್ಫ್ ಸ್ಮೆಡ್ಲಿ ಶುರು ಮಾಡಿದ ಸಂಸ್ಥೆ. ಅಲ್ಲಿ ತಯಾರಿ ಭಾಷಣ ಬೇರೆ, ದಿಢೀರ್ ಭಾಷಣ ಬೇರೆ. ದಿಢೀರ್ ಭಾಷಣಕ್ಕೆ ಒಂದೆರಡು ನಿಮಿಷ ಅಷ್ಟೇ, ವಿಷಯ ಅಲ್ಲೇ ಕೊಡುತ್ತಾರೆ. ಎಷ್ಟು ಸಲ "ಆ... ಮ್..." ಅಂದೆವು ಅಂತ ಎಣಿಸಲು ಒಬ್ಬರು ಇರುತ್ತಾರೆ. ಸಮಯಕ್ಕೆ ಹಸಿರು, ಹಳದಿ, ಕೆಂಪು ಗುರುತು.

ನಮ್ಮ ಕ್ಲಬ್ಬಿನಲ್ಲಿ ನಾನು ಕಂಡದ್ದು ಇಷ್ಟು. ಸುಮ್ಮನಿರುವವರು ಬೇರೆಯವರ ಭಾಷಣವನ್ನು ಎಷ್ಟು ಗಮನ ಕೊಟ್ಟು ಕೇಳುತ್ತಾರೆ ಅಂದರೆ, ವಿಮರ್ಶೆ ಹೇಳಲು ಅವರೇ ಬೇಕು. ಕೇಳಿ ಕೇಳಿ ಯಾವುದು ಹಿಡಿಯುತ್ತೆ, ಯಾವುದು ಬೇಸರ ತರುತ್ತೆ ಅಂತ ಗೊತ್ತಾಗಿರುತ್ತೆ. ಎದುರುತ್ತರವೂ ಅಭ್ಯಾಸಕ್ಕೆ ಬರುತ್ತೆ, ಅದು ಹುಟ್ಟುಗುಣ ಅಲ್ಲ. ಮನೆಯಲ್ಲಿ ಯಾರಾದರೂ ಒಬ್ಬರನ್ನು ಸಿಟ್ಟಿನ ಸದಸ್ಯ ಅಂತ ಕೂರಿಸಿ ಪ್ರಶ್ನೆ ಕೇಳಿಸಿಕೊಳ್ಳಿ.

ಸೌಮ್ಯ ಎಸ್.:
ಒಂದು ಮಾತು ಸೇರಿಸುತ್ತೇನೆ. ಸಭೆ ಮುಗಿದ ಮೇಲೆ ತುಂಬಾ ಸುಸ್ತಾಗುತ್ತೆ. ಆಗ "ಇದು ನನ್ನ ಕೆಲಸ ಅಲ್ಲ" ಅನಿಸಬಹುದು. ಅದನ್ನು ನಂಬಬೇಡಿ. ತರಬೇತಿ ಮುಗಿಸಿ ನಾನು ಊಟದ ಹೊತ್ತಲ್ಲಿ ಕಾರಿನಲ್ಲಿ ಒಬ್ಬಳೇ ಕೂತಿರುತ್ತೇನೆ. ಜನ ಇದನ್ನು ಜಂಬ ಅಂದುಕೊಳ್ಳುತ್ತಾರೆ. ಹಾಗಲ್ಲ, ಅದು ಬೇಕು.

ಮನಶ್ಶಾಸ್ತ್ರ ವಿದ್ಯಾರ್ಥಿ:
ಬ್ರಯನ್ ಲಿಟಲ್ ಅಂತ ಒಬ್ಬ ಮನಶ್ಶಾಸ್ತ್ರ ಪ್ರಾಧ್ಯಾಪಕರು ಇದನ್ನೇ ಹೇಳುತ್ತಾರೆ. ಹಾರ್ವರ್ಡ್‌ನಲ್ಲೂ ಪಾಠ ಮಾಡಿದವರು, ವಿದ್ಯಾರ್ಥಿಗಳಿಗೆ ಅಚ್ಚುಮೆಚ್ಚು. ತಾವು ಪಕ್ಕಾ ಅಂತರ್ಮುಖಿ ಅಂತ ಹೇಳಿಕೊಳ್ಳುತ್ತಾರೆ. ಒಂದು ಸೈನಿಕ ಕಾಲೇಜಿನಲ್ಲಿ ಉಪನ್ಯಾಸ ಮುಗಿದ ಮೇಲೆ ಊಟಕ್ಕೆ ಕರೆಯುತ್ತಾರೆ ಅಂತ ಶೌಚಾಲಯದಲ್ಲಿ ಹೋಗಿ ಕೂತಿರುತ್ತಿದ್ದರಂತೆ. ನಾವು ತುಂಬಾ ಬೆಲೆ ಕೊಡುವ ಕೆಲಸಕ್ಕಾಗಿ ಸ್ವಭಾವ ಮೀರಿ ನಡೆದುಕೊಳ್ಳಬಲ್ಲೆವು, ಆಮೇಲೆ ಚೇತರಿಸಿಕೊಳ್ಳಲು ಜಾಗ ಬೇಕು ಅನ್ನುವುದು ಅವರ ವಾದ.

ಕೆರೆ ಏರಿ:
ಸಭೆ ಮುಗಿದ ಮೇಲೆ ಊಟ ಬಡಿಸುವ ಕೆಲಸವನ್ನೂ ಮೇಡಂ ಮೇಲೆ ಹಾಕದಿದ್ದರೆ ಸಾಕು.

ಮೈಕ್ ಸೆಟ್:
ನಮ್ಮದು ಧ್ವನಿವರ್ಧಕ, ಶಾಮಿಯಾನ ಕೆಲಸ. ಸಣ್ಣ ದನಿ ಅಂತ ಯಾರೂ ಹೆದರಬೇಕಾಗಿಲ್ಲ, ಅದಕ್ಕೇ ಮೈಕ್ ಇರೋದು. ಜನ ಬರುವ ಮೊದಲೇ ಹೋಗಿ ಸೆಟ್‌ನವರ ಹತ್ತಿರ "ನನ್ನ ದನಿ ಸಣ್ಣದು, ಸ್ವಲ್ಪ ಏರಿಸಿಡಿ" ಅನ್ನಿ. ಅವರನ್ನು ಹಿಂದಿನ ಕುರ್ಚಿ ಹತ್ತಿರ ನಿಲ್ಲಿಸಿ ನಾಲ್ಕು ಸಾಲು ಓದಿ ನೋಡಿ. ಮೈಕ್‌ಗೆ ಊದಬೇಡಿ, ತಟ್ಟಬೇಡಿ. ಬಾಯಿಗೂ ಮೈಕ್‌ಗೂ ನಾಲ್ಕು ಬೆರಳು ಅಂತರ ಇರಲಿ, ಪುಟ ತಿರುಗಿಸುವಾಗಲೂ ಅಷ್ಟೇ ಇರಲಿ. ಸ್ಪೀಕರ್ ಬಾಕ್ಸ್ ಮುಂದೆ ಮೈಕ್ ಹಿಡಿದು ನಿಂತರೆ ಕುಂಯ್ ಅನ್ನುತ್ತೆ, ಬಾಕ್ಸ್‌ನ ಹಿಂದೆ ನಿಲ್ಲಿ.

ಡೈರಿ ಲೆಕ್ಕದವಳು:
ಇದು ಯಾರೂ ಹೇಳಿಕೊಡದ ವಿಷಯ ಅಣ್ಣ. ಕೈಯಲ್ಲಿ ಹಿಡಿಯುವ ಮೈಕ್ ಒಳ್ಳೆಯದಾ, ಸ್ಟ್ಯಾಂಡ್ ಮೈಕಾ? ಒಂದು ಕೈಯಲ್ಲಿ ವರದಿ ಪುಸ್ತಕ ಇರುತ್ತೆ.

ಮೈಕ್ ಸೆಟ್:
ಸ್ಟ್ಯಾಂಡ್ ಕೇಳಿ. ಎರಡೂ ಕೈ ಖಾಲಿ ಇದ್ದರೆ ಆಡಿಟರ್ ಸಾರ್ ಹೇಳಿದ ಚೀಟಿ ಪುಟ ತೆಗೆಯಲು ಸುಲಭ. ಸ್ಟ್ಯಾಂಡ್ ಎತ್ತರವನ್ನು ಮೊದಲೇ ನಿಮ್ಮ ಅಳತೆಗೆ ಹೊಂದಿಸಿಕೊಳ್ಳಿ. ಅಧ್ಯಕ್ಷರು ಎತ್ತರ ಇದ್ದರೆ ಅವರಾದ ಮೇಲೆ ಮತ್ತೆ ಇಳಿಸಲು ಹುಡುಗನಿಗೆ ಹೇಳಿಡಿ.